ಕಾಲ, ಕಂಪನ ಒಂದೇ ಹಾಳೆಯಲ್ಲಿ: ವೈರ್‌ಲೆಸ್ ಕಲಿಯುವವರಿಗೆ ಯಶಸ್ಸಿನ ಸೂತ್ರಗಳು

ತಂಬೂರಿ ಮೀಟಿದರೆ ಶ್ರುತಿ ಯಾವುದೆಂದು ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಆ ನಾದ ಯಾವ ಗಳಿಗೆಯಲ್ಲಿ ಹುಟ್ಟಿತು ಎಂದು ಮಾತ್ರ ಬೊಟ್ಟುಮಾಡಿ ತೋರಿಸಲಾಗದು. ಚಪ್ಪಾಳೆ ತಟ್ಟಿದರೆ ಗಳಿಗೆ ಖಚಿತ, ಶ್ರುತಿ ಇಲ್ಲ. ಮೊಬೈಲ್ ಟವರಿನಿಂದ ಹೊರಡುವ ಸಿಗ್ನಲ್‌ಗೂ ಇದೇ ಕಟ್ಟಳೆ. ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಕಾಲಕ್ಕೊಂದು ಅಧ್ಯಾಯ, ಫ್ರೀಕ್ವೆನ್ಸಿಗೊಂದು ಅಧ್ಯಾಯ. ಎರಡೂ ಒಂದೇ ಹಾಳೆಯ ಎರಡು ಅಂಚುಗಳು ಎಂಬುದು ಎಷ್ಟೋ ಜನರಿಗೆ ಕೆಲಸಕ್ಕೆ ಸೇರಿದ ಮೇಲೆ ಹೊಳೆಯುತ್ತದೆ. ಆ ಹಾಳೆಯನ್ನು ಬೇಗ ಕೈಗೆತ್ತಿಕೊಂಡವರು ಈ ವಿದ್ಯೆಯಲ್ಲಿ ಮುಂದೆ ಹೋಗುತ್ತಾರೆ ಎಂದು ನಾನು ಬಲವಾಗಿ ನಂಬಿದ್ದೇನೆ. ಹೊಸಬರಿಗೆ ನಾನು ಹೇಳುವ ಸೂತ್ರಗಳು ಇವು.

1. ಗೇಬರ್ ಅವರ ಚೌಕದಿಂದ ಶುರುಮಾಡಿ.

ಡೆನ್ನಿಸ್ ಗೇಬರ್ 1946ರಲ್ಲಿ ‘ಥಿಯರಿ ಆಫ್ ಕಮ್ಯುನಿಕೇಶನ್’ ಎಂಬ ಲೇಖನ ಬರೆದರು. ಮುಂದೆ 1971ರಲ್ಲಿ ಹೊಲೊಗ್ರಫಿಗಾಗಿ ನೊಬೆಲ್ ಪಡೆದವರೂ ಇವರೇ. ಒಂದು ಅಕ್ಷದಲ್ಲಿ ಕಾಲ, ಇನ್ನೊಂದರಲ್ಲಿ ಫ್ರೀಕ್ವೆನ್ಸಿ ಇಟ್ಟರೆ ಯಾವ ಸಿಗ್ನಲ್ಲಾದರೂ ಅಲ್ಲಿ ಕನಿಷ್ಠ ಒಂದು ಚೌಕದಷ್ಟು ಜಾಗ ಹಿಡಿಯಲೇಬೇಕು ಎಂದು ಅವರು ತೋರಿಸಿಕೊಟ್ಟರು. ಕಾಲದಲ್ಲಿ ಅದರ ಹರವು, ಫ್ರೀಕ್ವೆನ್ಸಿಯಲ್ಲಿ ಅದರ ಹರವು, ಇವೆರಡರ ಗುಣಲಬ್ಧ ಸುಮಾರು 0.08ಕ್ಕಿಂತ ಕೆಳಗೆ ಇಳಿಯದು. ಎಷ್ಟೇ ದುಬಾರಿ ಯಂತ್ರ ತಂದರೂ ಈ ಗೆರೆ ದಾಟಲಾಗದು. ಹಳೆಯ ಲೇಖನವೆಂದು ಬದಿಗಿಡಬೇಡಿ. ಇಂದಿನ ಎಷ್ಟೋ ಪಠ್ಯಪುಸ್ತಕಗಳಿಗಿಂತ ಅದು ತಿಳಿಯಾಗಿದೆ.

2. ಏನನ್ನು ಹುಡುಕುತ್ತಿದ್ದೀರಿ ಎಂದು ಮೊದಲು ಕೇಳಿಕೊಳ್ಳಿ, ಆಮೇಲೆ ಕಿಟಕಿಯ ಅಳತೆ ಆರಿಸಿ.

ಸ್ಪೆಕ್ಟ್ರೋಗ್ರಾಮ್ ಬರೆಯುವಾಗ ಸಿಗ್ನಲ್ಲನ್ನು ತುಂಡುತುಂಡಾಗಿ ಕಿಟಕಿಯಲ್ಲಿಟ್ಟು ನೋಡುತ್ತೇವೆ. 1 ಮಿಲಿಸೆಕೆಂಡಿನ ಕಿಟಕಿ ಸರಿಸುಮಾರು 1 ಕಿಲೋಹರ್ಟ್ಸ್ ಅಂತರವನ್ನು ಬೇರ್ಪಡಿಸುತ್ತದೆ. 10 ಮಿಲಿಸೆಕೆಂಡಿನದು 100 ಹರ್ಟ್ಸ್ ಅಂತರವನ್ನು. ಹಾಗೆಂದು ಉದ್ದದ ಕಿಟಕಿಯೇ ಒಳ್ಳೆಯದು ಎನ್ನಬೇಡಿ. ಕ್ಲಾಸಿಕ್ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ಅಂದರೆ ಒಂದೊಂದು ಜಿಗಿತಕ್ಕೆ 625 ಮೈಕ್ರೋಸೆಕೆಂಡ್. 10 ಮಿಲಿಸೆಕೆಂಡಿನ ಕಿಟಕಿ ಹಾಕಿದರೆ 16 ಜಿಗಿತಗಳು ಒಂದರ ಮೇಲೊಂದು ಕಲಸಿಹೋಗುತ್ತವೆ. ಚಾನೆಲ್ಲಿನ ಅಗಲ 1 ಮೆಗಾಹರ್ಟ್ಸ್ ಆದ್ದರಿಂದ 50 ಮೈಕ್ರೋಸೆಕೆಂಡಿನ ಕಿಟಕಿ ಧಾರಾಳವಾಗಿ ಸಾಕು.

ಕಿಟಕಿಯ ಆಕಾರವೂ ಮುಖ್ಯ. ಅಂಚುಗಳನ್ನು ಥಟ್ಟನೆ ಕತ್ತರಿಸಿದ ಆಯತದ ಕಿಟಕಿಯಲ್ಲಿ ಪಕ್ಕಕ್ಕೆ ಸೋರುವ ಶಕ್ತಿ ಮುಖ್ಯ ಶಿಖರಕ್ಕಿಂತ 13 ಡೆಸಿಬೆಲ್ ಮಾತ್ರ ಕೆಳಗಿರುತ್ತದೆ. ಹಾನ್ ಕಿಟಕಿಯಲ್ಲಿ ಅದು 31 ಡೆಸಿಬೆಲ್ ಕೆಳಗೆ. ಬದಲಿಗೆ ಶಿಖರ ಎರಡರಷ್ಟು ಅಗಲವಾಗುತ್ತದೆ. ದೊಡ್ಡ ಸಿಗ್ನಲ್ಲಿನ ಮಗ್ಗುಲಲ್ಲಿ ಸಣ್ಣದೊಂದು ಅಡಗಿರಬಹುದು ಎಂಬ ಅನುಮಾನವಿದ್ದರೆ ಆಯತವನ್ನು ಮುಟ್ಟಲೇಬೇಡಿ.

3. ಸೊನ್ನೆ ತುಂಬಿದರೆ ಗೆರೆ ನುಣುಪಾಗುತ್ತದೆ, ಮಾಹಿತಿ ಹೆಚ್ಚುವುದಿಲ್ಲ.

ಕಲಿಯುತ್ತಿದ್ದ ದಿನಗಳಲ್ಲಿ 400 ಹರ್ಟ್ಸ್ ಅಂತರದ ಎರಡು ಸ್ವರಗಳನ್ನು 1 ಮಿಲಿಸೆಕೆಂಡಿನ ಮಾದರಿಯಿಂದ ಬಿಡಿಸಲು ಹೊರಟಿದ್ದೆ. ಅದರ ಕೊನೆಗೆ ಸಾಲುಸಾಲು ಸೊನ್ನೆ ಸೇರಿಸಿ ದೊಡ್ಡ ಎಫ್‌ಎಫ್‌ಟಿ ಮಾಡಿದೆ. ಗ್ರಾಫ್ ಅಂದವಾಗಿ ಬಂತು, ಗುಡ್ಡ ಮಾತ್ರ ಒಂದೇ. ಇಡೀ ಸಂಜೆ ಕಳೆದ ಮೇಲೆ 10 ಮಿಲಿಸೆಕೆಂಡ್ ಹೊಸದಾಗಿ ರೆಕಾರ್ಡ್ ಮಾಡಿದಾಗ ಎರಡೂ ಸ್ವರ ಬೇರೆಬೇರೆಯಾಗಿ ಎದ್ದು ನಿಂತವು. ಹೆಚ್ಚು ಹೊತ್ತು ಆಲಿಸುವುದಕ್ಕೆ ಬದಲಿ ಇಲ್ಲ.

4. 4ಜಿಯ ಮನೆಗಳನ್ನು ಕೈಯಾರೆ ಬರೆಯಿರಿ.

ಇದೊಂದನ್ನು ಬಿಡಬೇಡಿ. ಗ್ರಾಫ್ ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ 12 ಸಬ್‌ಕ್ಯಾರಿಯರ್, ಒಂದೊಂದರ ಅಂತರ 15 ಕಿಲೋಹರ್ಟ್ಸ್, ಒಟ್ಟು 180. ಅಡ್ಡಕ್ಕೆ 7 ಸಿಂಬಲ್, ಒಟ್ಟು ಅರ್ಧ ಮಿಲಿಸೆಕೆಂಡ್. ಈ 84 ಮನೆಗಳೇ ಒಂದು ರಿಸೋರ್ಸ್ ಬ್ಲಾಕ್. 20 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಇಂಥವು 100, ಅಂದರೆ 1200 ಸಬ್‌ಕ್ಯಾರಿಯರ್. ಅದಕ್ಕೆ 2048 ಬಿಂದುಗಳ ಎಫ್‌ಎಫ್‌ಟಿ. 2048ನ್ನು 15 ಕಿಲೋಹರ್ಟ್ಸಿನಿಂದ ಗುಣಿಸಿ ನೋಡಿ, 30.72 ಮೆಗಾಹರ್ಟ್ಸ್ ಎಂಬ ಆ ವಿಚಿತ್ರ ಸ್ಯಾಂಪಲಿಂಗ್ ದರ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಈಗ ಒಂದು ಮನೆಯೊಳಗೆ ಇಣುಕಿ. 15 ಕಿಲೋಹರ್ಟ್ಸಿನ ವಿಲೋಮ 66.7 ಮೈಕ್ರೋಸೆಕೆಂಡ್. ಸಿಂಬಲ್ಲಿನ ಉಪಯುಕ್ತ ಉದ್ದ ಅಷ್ಟೇ. ಅಷ್ಟಿರುವುದರಿಂದಲೇ ಅಕ್ಕಪಕ್ಕದ ಕ್ಯಾರಿಯರ್‌ಗಳು ಒಂದರ ಮೇಲೊಂದು ಹಾಸಿಕೊಂಡಿದ್ದರೂ ಒಂದಕ್ಕೊಂದು ತೊಡಕಾಗುವುದಿಲ್ಲ. ಸಿಂಬಲ್ಲಿನ ಬಾಲದ ತುಣುಕನ್ನು ನಕಲು ಮಾಡಿ ತಲೆಗೆ ಅಂಟಿಸುತ್ತಾರೆ. ಅದೇ ಸೈಕ್ಲಿಕ್ ಪ್ರಿಫಿಕ್ಸ್. ಅದರ ಉದ್ದ ಸುಮಾರು 4.7 ಮೈಕ್ರೋಸೆಕೆಂಡ್. ರೇಡಿಯೊ ಅಲೆ 1 ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಹಾಗಾಗಿ ನೇರ ಬಂದ ಅಲೆಗಿಂತ 1.4 ಕಿಲೋಮೀಟರ್ ಸುತ್ತಿ ಬಂದ ಪ್ರತಿಧ್ವನಿಯನ್ನೂ ಈ ತುಣುಕು ತಡೆದುಕೊಳ್ಳುತ್ತದೆ.

ಒಎಫ್‌ಡಿಎಂ ಎಂಬ ಇಷ್ಟು ಸೊಗಸಾದ ಏರ್ಪಾಡು ಒಂದೇ ದಿನ ಆದದ್ದಲ್ಲ. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಚಾಂಗ್ ಈ ರೀತಿ ಕ್ಯಾರಿಯರ್‌ಗಳನ್ನು ಒತ್ತೊತ್ತಾಗಿ ಜೋಡಿಸಬಹುದೆಂದರು. 1971ರಲ್ಲಿ ವೈನ್‌ಸ್ಟೀನ್ ಮತ್ತು ಎಬರ್ಟ್ ಅದನ್ನು ಫೂರಿಯೆ ಪರಿವರ್ತನೆಯಿಂದಲೇ ಮಾಡಬಹುದೆಂದರು. ಬಾಲವನ್ನು ತಲೆಗೆ ಅಂಟಿಸುವ ಉಪಾಯ 1980ರಲ್ಲಿ ಪೆಲೆಡ್ ಮತ್ತು ರುಯಿಜ್ ಅವರದು.

5. ವೇಗವನ್ನು ಹರ್ಟ್ಸಿಗೆ ತಿರುಗಿಸುವ ಲೆಕ್ಕ ಬಾಯಿಪಾಠವಾಗಿರಲಿ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದೀರಿ, 5ಜಿ ಫೋನು 3.5 ಗಿಗಾಹರ್ಟ್ಸ್‌ನಲ್ಲಿದೆ ಎನ್ನಿ. ಡಾಪ್ಲರ್ ಪಲ್ಲಟ ಸುಮಾರು 324 ಹರ್ಟ್ಸ್. 15 ಕಿಲೋಹರ್ಟ್ಸ್ ಅಂತರಕ್ಕೆ ಹೋಲಿಸಿದರೆ ಶೇ. 2ರಷ್ಟು, ಸಹಿಸಿಕೊಳ್ಳಬಹುದು. ಅದೇ ಕಾರಿನಲ್ಲಿ 28 ಗಿಗಾಹರ್ಟ್ಸ್ ಬಳಸಿದರೆ ಪಲ್ಲಟ 2.6 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ, ಅಂತರದ ಆರನೇ ಒಂದು ಭಾಗ. 5ಜಿಯಲ್ಲಿ 15, 30, 60, 120 ಎಂದು ಅಂತರವನ್ನು ದುಪ್ಪಟ್ಟು ಮಾಡುತ್ತ ಹೋಗಲು ಇದೊಂದು ಕಾರಣ. ಮೇಲಿನ ಪಟ್ಟಿಗಳಲ್ಲಿ ಆಸಿಲೇಟರಿನ ಫೇಸ್ ನಾಯ್ಸ್ ಇನ್ನೊಂದು ಕಾರಣ. ಆದರೆ ಇದಕ್ಕೂ ಬೆಲೆಯುಂಟು. 120 ಕಿಲೋಹರ್ಟ್ಸ್‌ನಲ್ಲಿ ಸೈಕ್ಲಿಕ್ ಪ್ರಿಫಿಕ್ಸ್ 0.59 ಮೈಕ್ರೋಸೆಕೆಂಡಿಗೆ ಕುಗ್ಗುತ್ತದೆ, 1.4 ಕಿಲೋಮೀಟರ್ ಸುತ್ತನ್ನು ತಾಳುತ್ತಿದ್ದುದು ಈಗ 176 ಮೀಟರ್ ತಾಳುತ್ತದೆ. ಗೇಬರ್ ಚೌಕವನ್ನು ಒಂದು ಕಡೆ ಹಿಗ್ಗಿಸಿದರೆ ಇನ್ನೊಂದು ಕಡೆ ಕುಗ್ಗುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

6. ಪೈಲಟ್‌ಗಳನ್ನು ಚುಕ್ಕಿ ರಂಗೋಲಿಯಂತೆ ಓದಿ.

ಚಾನೆಲ್ ಹೇಗಿದೆಯೆಂದು ತಿಳಿಯಲು ಕೆಲವು ಮನೆಗಳಲ್ಲಿ ಮೊದಲೇ ಗೊತ್ತಿರುವ ಮೌಲ್ಯ ಇಡುತ್ತಾರೆ. ಉಳಿದ ಮನೆಗಳ ಮೌಲ್ಯವನ್ನು ಆ ಚುಕ್ಕಿಗಳ ನಡುವೆ ಗೆರೆ ಎಳೆದು ಊಹಿಸಬೇಕು. ಚುಕ್ಕಿ ದೂರವಾದರೆ ಗೆರೆ ತಪ್ಪುತ್ತದೆ, ಹತ್ತಿರವಾದರೆ ಡೇಟಾಗೆ ಜಾಗ ಉಳಿಯದು. 4ಜಿಯಲ್ಲಿ ಒಂದು ಆಂಟೆನಾದ ಪೈಲಟ್ 6 ಸಬ್‌ಕ್ಯಾರಿಯರ್‌ಗೊಂದರಂತೆ ಬರುತ್ತದೆ; ಮುಂದಿನ ಸರದಿಯಲ್ಲಿ 3 ಮನೆ ಸರಿದು, ಥೇಟ್ ನಡುಚುಕ್ಕಿ ರಂಗೋಲಿಯ ಹಾಗೆ. 324 ಹರ್ಟ್ಸ್ ಡಾಪ್ಲರ್ ಇದ್ದರೆ ಚುಕ್ಕಿಗಳ ನಡುವಿನ ಕಾಲ 1.5 ಮಿಲಿಸೆಕೆಂಡ್ ಮೀರಬಾರದು. ಇದು ಕಟ್ಟಕಡೆಯ ಮಿತಿ. ಕೆಲಸದಲ್ಲಿ ಅದರ ಅರ್ಧಕ್ಕಿಂತ ಕಡಿಮೆಯಲ್ಲೇ ಇರಿ.

7. ವಿಗ್ನರ್–ವಿಲ್ ನಕ್ಷೆಯ ನೆರಳುಗಳನ್ನು ನಂಬಬೇಡಿ.

ಸ್ಪೆಕ್ಟ್ರೋಗ್ರಾಮಿನಂತೆ ಇದೂ ಕಾಲ–ಫ್ರೀಕ್ವೆನ್ಸಿ ಹಾಳೆಯ ಚಿತ್ರವೇ. ವಿಗ್ನರ್ 1932ರಲ್ಲಿ ಕ್ವಾಂಟಮ್ ಭೌತಶಾಸ್ತ್ರಕ್ಕಾಗಿ ಕೊಟ್ಟ ಸೂತ್ರವನ್ನು ವಿಲ್ 1948ರಲ್ಲಿ ಸಿಗ್ನಲ್‌ಗೆ ತಂದರು. ಒಂಟಿ ಚರ್ಪ್‌ಗೆ, ಅಂದರೆ ಫ್ರೀಕ್ವೆನ್ಸಿ ಒಂದೇ ಸಮನೆ ಏರುತ್ತ ಅಥವಾ ಇಳಿಯುತ್ತ ಹೋಗುವ ಸಿಗ್ನಲ್ಲಿಗೆ, ಇದರಷ್ಟು ಚೂಪಾದ ಚಿತ್ರ ಬೇರೆಲ್ಲೂ ಸಿಗದು. ಆದರೆ ಎರಡು ಸಿಗ್ನಲ್ ಸೇರಿದೊಡನೆ ನಟ್ಟನಡುವೆ ಇಲ್ಲದ ಮೂರನೆಯದೊಂದು ಮೂಡುತ್ತದೆ. ಐದು ಸೇರಿದರೆ ಹತ್ತು ನೆರಳು.

8. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಕೊಳ್ಳಿ.

ಟಿವಿ ನೋಡಲೆಂದು ತಯಾರಾದ ಈ ಪುಟ್ಟ ಸಾಧನ ಸೆಕೆಂಡಿಗೆ ಸುಮಾರು 24 ಲಕ್ಷ ಸ್ಯಾಂಪಲ್ ಕೊಡುತ್ತದೆ. ಗ್ನೂ ರೇಡಿಯೊ ತಂತ್ರಾಂಶ ಉಚಿತ. ಮೊದಲು ಎಫ್‌ಎಂ ಹಿಡಿಯಿರಿ, ಬೆಂಗಳೂರಿನವರಿಗೆ 101.3ರ ರೇನ್‌ಬೋ ಇದೆ. ಡಿಮಾಡ್ಯುಲೇಟ್ ಆದ ಸಿಗ್ನಲ್ಲಿನ ಸ್ಪೆಕ್ಟ್ರಮ್ ತೆರೆದರೆ ಸ್ಟೀರಿಯೊ ಪ್ರಸಾರದಲ್ಲಿ 19 ಕಿಲೋಹರ್ಟ್ಸ್ ಬಳಿ ಸೂಜಿಯಂತೆ ನಿಂತ ಪೈಲಟ್ ಕಾಣುತ್ತದೆ. ನಾನು ಮೊದಲ ಸಲ ಅದನ್ನು ಕಂಡಾಗ ಪುಸ್ತಕದ ಚಿತ್ರ ಜೀವ ತಳೆದಂತಾಗಿತ್ತು.

ಆಮೇಲೆ 865–867 ಮೆಗಾಹರ್ಟ್ಸ್‌ಗೆ ಹೋಗಿ. ಹತ್ತಿರದಲ್ಲಿ ಚರ್ಪ್ ಬಳಸಿ ಸಂದೇಶ ಕಳಿಸುವ ಲೋರಾ ಸೆನ್ಸರ್ ಇದ್ದರೆ ವಾಟರ್‌ಫಾಲ್ ಪರದೆಯ ಮೇಲೆ ಓರೆ ಗೆರೆಗಳು ಇಳಿಯುತ್ತವೆ. 125 ಕಿಲೋಹರ್ಟ್ಸ್ ಅಗಲದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ 7 ಇದ್ದರೆ ಒಂದು ಗೆರೆ 1.024 ಮಿಲಿಸೆಕೆಂಡ್, 12 ಇದ್ದರೆ 32.768. ಅಳೆದು ನೋಡಿ. ತಿರುಗುಮುರುಗಾದ ಚರ್ಪಿನಿಂದ ಗುಣಿಸಿದರೆ ಓರೆ ಗೆರೆ ನೆಟ್ಟಗಾಗುತ್ತದೆ. ಒಂದು ಎಫ್‌ಎಫ್‌ಟಿ ಮಾಡಿದರೆ ಸಂದೇಶದ ಸಂಖ್ಯೆ ಒಂದೇ ಶಿಖರವಾಗಿ ಏಳುತ್ತದೆ. ಕೇಳುವ ಅಭ್ಯಾಸ ಇಷ್ಟಕ್ಕೇ ಇರಲಿ. ಪರವಾನಗಿ ಬೇಕಿರುವ ಪಟ್ಟಿಗಳಲ್ಲಿ ಪ್ರಸಾರಕ್ಕೆ ಕೈಹಾಕಬೇಡಿ, ಇನ್ನೊಬ್ಬರ ಮಾತುಕತೆಗೆ ಕಿವಿಗೊಡಬೇಡಿ.

9. ರೆಕಾರ್ಡ್ ಮಾಡಿದ ಕಡತದ ಹೆಸರಿನಲ್ಲೇ ಸ್ಯಾಂಪಲಿಂಗ್ ದರ, ನಡು ಫ್ರೀಕ್ವೆನ್ಸಿ, ದಿನಾಂಕ ಬರೆದಿಡಿ.

ದರ ಗೊತ್ತಿಲ್ಲದ ಕಡತಕ್ಕೆ ಎರಡು ಅಕ್ಷವೂ ಇರುವುದಿಲ್ಲ.

10. ಒಎಫ್‌ಡಿಎಂ ಕೈವಶವಾದ ಮೇಲೆಯೇ ಒಟಿಎಫ್‌ಎಸ್‌ಗೆ ಬನ್ನಿ.

2017ರಲ್ಲಿ ಹದಾನಿ ಮತ್ತು ಸಂಗಡಿಗರು ಮುಂದಿಟ್ಟ ಈ ವಿಧಾನದಲ್ಲಿ ಡೇಟಾವನ್ನು ಕಾಲ–ಫ್ರೀಕ್ವೆನ್ಸಿ ಮನೆಗಳ ಬದಲು ವಿಳಂಬ–ಡಾಪ್ಲರ್ ಮನೆಗಳಲ್ಲಿ ಇಡುತ್ತಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಚೊಕ್ಕಲಿಂಗಂ ಅವರ ತಂಡ ಇದರ ಬಗ್ಗೆ ಬರೆದ ಲೇಖನಗಳನ್ನು ಹುಡುಕಿ ಓದಿ. ರಿಸೀವರಿನಲ್ಲಿ ಲೆಕ್ಕದ ಹೊರೆ ಹೆಚ್ಚು, ನಿಜ. ಆದರೂ ಕಲಿಯಲು ಏಕೆ ಯೋಗ್ಯ ಎಂದು ಕಾಣಲು ಅದೇ ಬೆಂಗಳೂರು–ಮೈಸೂರು ಹೆದ್ದಾರಿಗೆ ಮರಳಿ. ಕಾರು ರಾಮನಗರದ ಬಂಡೆಬೆಟ್ಟಗಳ ನಡುವೆ ಓಡುತ್ತಿದೆ, ಟವರು ನೇರ ಎದುರಿಗೆ. ನೇರ ಬಂದ ಅಲೆ ವಿಳಂಬವಿಲ್ಲದೆ, 324 ಹರ್ಟ್ಸ್ ಮೇಲೆ. ಮಗ್ಗುಲಿನ ಬೆಟ್ಟಕ್ಕೆ ತಾಗಿ ಬಂದದ್ದು 2 ಮೈಕ್ರೋಸೆಕೆಂಡ್ ತಡವಾಗಿ, ಪಲ್ಲಟ ಹೆಚ್ಚುಕಡಿಮೆ ಸೊನ್ನೆ. ಹಿಂದೆ ಸರಿದ ಬೆಟ್ಟದಿಂದ ಮರಳಿದ್ದು 5 ಮೈಕ್ರೋಸೆಕೆಂಡ್ ತಡವಾಗಿ, 324 ಹರ್ಟ್ಸ್ ಕೆಳಗೆ. ಇಡೀ ಚಾನೆಲ್ ಮೂರೇ ಚುಕ್ಕಿ. ಕಾರು 10 ಮೀಟರ್ ಮುಂದೆ ಹೋಗುವಷ್ಟರಲ್ಲಿ ಕಾಲ–ಫ್ರೀಕ್ವೆನ್ಸಿ ಹಾಳೆಯಲ್ಲಿ ಸಿಗ್ನಲ್ ನೂರಕ್ಕೂ ಹೆಚ್ಚು ಸಲ ಏರಿಳಿದಿರುತ್ತದೆ. ಈ ಮೂರು ಚುಕ್ಕಿಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ.