ನಿಧಾನವಾಗಿ ಕರಗುವ ಗುಳಿಗೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ಆದರೆ ಮುಪ್ಪು, ರೋಗ, ಮನಸ್ಸಿನ ಬೇಗೆ ಇವುಗಳಿಂದ ನಿದ್ರೆಗೆಟ್ಟವರ ಪಾಡು ಬೇರೆ. ಅವರಲ್ಲಿ ಕೆಲವರಿಗೆ ಎಷ್ಟು ಹೊರಳಾಡಿದರೂ ನಿದ್ರೆ ಹತ್ತುವುದಿಲ್ಲ. ಮತ್ತೆ ಕೆಲವರಿಗೆ ಬೇಗನೆ ಹತ್ತಿದ ನಿದ್ರೆ ನಡುರಾತ್ರಿಯಲ್ಲಿ ಹರಿದುಹೋಗುತ್ತದೆ. ಈ ಎರಡು ತೊಂದರೆಗಳನ್ನೂ ಒಂದೇ ಗುಳಿಗೆಯಿಂದ ನೀಗಿಸುವುದು ಹೇಗೆ?

ಜೋಲ್ಪಿಡೆಮ್ ಎಂಬ ಔಷಧವನ್ನು ತೆಗೆದುಕೊಳ್ಳೋಣ. ರಕ್ತವನ್ನು ಸೇರಿದ ಮೇಲೆ ಇದರ ಪ್ರಮಾಣವು ಸುಮಾರು ಎರಡೂವರೆ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಐದು ಗಂಟೆ ಕಳೆಯುವಷ್ಟರಲ್ಲಿ ಉಳಿಯುವುದು ಕಾಲುಭಾಗ ಮಾತ್ರ. ಹಾಗಾದರೆ ಪ್ರಮಾಣವನ್ನೇ ಇಮ್ಮಡಿಗೊಳಿಸಬಾರದೇಕೆ ಎಂದು ನೀವು ಕೇಳಬಹುದು. ಇಮ್ಮಡಿಗೊಳಿಸಿದರೆ ಮೊದಲ ಗಂಟೆಗಳಲ್ಲಿಯೇ ರಕ್ತದಲ್ಲಿ ಔಷಧವು ಮಿತಿಮೀರಿ ಅಪಾಯವನ್ನು ತರಬಹುದು. ಅದರಿಂದ ದೊರೆಯುವುದಾದರೂ ಇನ್ನೆರಡೂವರೆ ಗಂಟೆಯ ಪ್ರಯೋಜನವಷ್ಟೇ.

2005ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಗುಳಿಗೆಯೊಂದು ಬೇರೆ ದಾರಿಯನ್ನು ಹಿಡಿಯಿತು. ಅದರಲ್ಲಿ ಎರಡು ಪದರಗಳು. ಒಂದು ಬೇಗನೆ ಕರಗಿ ನಿದ್ರೆಯನ್ನು ಬರಿಸುತ್ತದೆ. ಇನ್ನೊಂದು ಔಷಧವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತ, ಬಂದ ನಿದ್ರೆಯನ್ನು ಕಾಯುತ್ತದೆ. ಈ ನಿಧಾನಕ್ಕೆ ಕಾರಣ ಹೈಪ್ರೊಮೆಲೋಸ್. ಮರದ ಅಥವಾ ಹತ್ತಿಯ ನಾರಿನಿಂದ ತಯಾರಾಗುವ ಪುಡಿ ಇದು. ಕಾಮಕಸ್ತೂರಿಯ ಬೀಜವನ್ನು ನೀರಿನಲ್ಲಿ ನೆನೆಯಿಟ್ಟುದನ್ನು ನೀವು ನೋಡಿರಬಹುದು. ನೋಡನೋಡುತ್ತಿದ್ದಂತೆ ಬೀಜದ ಸುತ್ತಲೂ ಲೋಳೆಯ ಕವಚವೊಂದು ಉಬ್ಬಿಕೊಳ್ಳುತ್ತದೆ. ಗುಳಿಗೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಜಠರದ ನೀರು ತಗುಲಿದೊಡನೆ ಪದರದ ಮೈ ಲೋಳೆಯಾಗುತ್ತದೆ. ಒಳಗಿನ ಔಷಧವು ಆ ಲೋಳೆಯನ್ನು ಹಾಯ್ದು ಹೊರಬರಬೇಕು. ಇಲ್ಲವೇ ಲೋಳೆಯೇ ಸವೆಯಬೇಕು. ಎರಡಕ್ಕೂ ಹೊತ್ತು ಹಿಡಿಯುತ್ತದೆ. ಪುಡಿ ಹೆಚ್ಚಾದರೆ ಔಷಧವು ಬೆಳಗಾದರೂ ಒಸರುತ್ತಲೇ ಇದ್ದೀತು. ಕಡಿಮೆಯಾದರೆ ನಡುರಾತ್ರಿಗೆ ಮುನ್ನವೇ ಬರಿದಾದೀತು. ಆದುದರಿಂದ ತಯಾರಕರು ದೇಹದಷ್ಟೇ ಬಿಸಿಯಾದ, ಎಂದರೆ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವದಲ್ಲಿ ಗುಳಿಗೆಯನ್ನಿಟ್ಟು, ಹುಟ್ಟಿನಂಥ ಸಾಧನದಿಂದ ಕಲಕುತ್ತ, ಹೊತ್ತುಹೊತ್ತಿಗೆ ಕರಗಿದ ಔಷಧವೆಷ್ಟೆಂದು ಅಳೆದು ನೋಡುತ್ತಾರೆ.

ಆದರೆ ಗಾಜಿನ ಪಾತ್ರೆಯಂತೆ ದೇಹಗಳೆಲ್ಲ ಒಂದೇ ಬಗೆಯಲ್ಲ. 12.5 ಮಿಲಿಗ್ರಾಂ ಗುಳಿಗೆಯನ್ನು ಸೇವಿಸಿದವರನ್ನು ಪರೀಕ್ಷಿಸಿದಾಗ, ಸುಮಾರು ಎಂಟು ಗಂಟೆಗಳ ಬಳಿಕವೂ ಸ್ತ್ರೀಯರಲ್ಲಿ ಮೂವರಿಗೊಬ್ಬರ, ಪುರುಷರಲ್ಲಿ ನಾಲ್ವರಿಗೊಬ್ಬರ ರಕ್ತದಲ್ಲಿ, ವಾಹನ ನಡೆಸುವ ಎಚ್ಚರವನ್ನು ಕುಂದಿಸಬಲ್ಲಷ್ಟು ಔಷಧವು ಉಳಿದಿತ್ತು. ಸ್ತ್ರೀಯರ ದೇಹವು ಇದನ್ನು ಹೊರಹಾಕುವುದು ನಿಧಾನ. 2013ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ತ್ರೀಯರ ಪ್ರಮಾಣವನ್ನು 6.25 ಮಿಲಿಗ್ರಾಂಗೆ ಇಳಿಸಿತು. ಈ ಗುಳಿಗೆಯನ್ನು ನುಂಗಿದವರು ಮರುದಿನ ವಾಹನ ನಡೆಸಬಾರದೆಂದೂ ಎಚ್ಚರಿಸಿತು. ಏಳು ವರ್ಷಗಳಿಗೂ ಹೆಚ್ಚು ಕಾಲ ಸ್ತ್ರೀಪುರುಷರಿಬ್ಬರಿಗೂ ಒಂದೇ ಅಳತೆ ನಡೆದುಬಂದುದು ಸೋಜಿಗವೇ ಸರಿ.

ನಮ್ಮ ಮನೆಗಳಲ್ಲಿ ಹಿರಿಯರಿಗೆ ನುಂಗಲು ಕಷ್ಟವಾದೀತೆಂದು ಗುಳಿಗೆಯನ್ನು ಕುಟ್ಟಿ, ಹಾಲಿನಲ್ಲಿ ಕದಡಿ ಕೊಡುವ ರೂಢಿಯುಂಟು. ಪ್ರೀತಿಯಿಂದ ಮಾಡುವ ಕೆಲಸವೇ ಅದು. ಆದರೆ ಇಂಥ ಗುಳಿಗೆಯನ್ನು ಕುಟ್ಟಿದರೆ ಲೋಳೆಯ ತಡೆಯು ಒಡೆದು, ಗಂಟೆಗಟ್ಟಲೆ ಹಂಚಿಹೋಗಬೇಕಾದ ಔಷಧವು ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ರಾತ್ರಿ ಎದ್ದ ವೃದ್ಧರು ತೂರಾಡಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಳ್ಳಬಹುದು. ನುಂಗಲಾರದವರ ಸಂಗತಿಯನ್ನು ಮೊದಲೇ ತಿಳಿಸಿದರೆ, ವೈದ್ಯರು ಅವರಿಗೆ ತಕ್ಕ ಬೇರೆ ಔಷಧವನ್ನು ಬರೆದುಕೊಡುತ್ತಾರೆ.