ವಾಸನೆಯೂ ಮನಸ್ಸೂ

ಕೊಪ್ಪಳದ ಬಳಿಯ ಗಿಣಿಗೇರಾದಲ್ಲಿ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಹೊಸಬರಿಗೆ ಅಸಹ್ಯವೆನಿಸುವ ಹೊಗೆಯ ವಾಸನೆ ಅಲ್ಲಿಯ ನಿವಾಸಿಗೆ ಅರಿವಿಗೇ ಬಾರದಿರಬಹುದು. ಇದೇಕೆ?

ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಲಾಸನ್ನರು ಒಂದು ಪ್ರಯೋಗವನ್ನು 1899ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಬರಿಯ ನೀರನ್ನು ಹತ್ತಿಯ ಮೇಲೆ ಸುರಿದು, ವಿಚಿತ್ರ ವಾಸನೆ ಬಂದೊಡನೆ ಕೈಯೆತ್ತಿರೆಂದರು. ನಿಮಿಷದೊಳಗೆ ಮುಕ್ಕಾಲು ಪಾಲು ಜನ ಕೈಯೆತ್ತಿದರು; ಮುಂದಿನ ಸಾಲಿನ ಕೆಲವರಿಗೆ ಕಸಿವಿಸಿಯೇ ಆಯಿತು!

ಮೂಗಿನ ಸಂದೇಶವು ಮಿದುಳಿನ ಭಾವನಾಕೇಂದ್ರಗಳನ್ನು ಬಹುಬೇಗ ಮುಟ್ಟುತ್ತದೆ. ಆದುದರಿಂದ ಭಯವು ವಾಸನೆಯನ್ನು ಹಿಗ್ಗಿಸಬಲ್ಲುದು, ರೂಢಿಯು ಕುಗ್ಗಿಸಬಲ್ಲುದು.

ಹಾಗೆಂದು ಊರವರ ದೂರುಗಳನ್ನು ಭ್ರಮೆಯೆಂದು ತಳ್ಳಲಾಗದು. ಕುಲುಮೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಮಾರಕ ಅನಿಲ. ಅದಕ್ಕೆ ವಾಸನೆಯೇ ಇಲ್ಲ. ಶ್ವಾಸಕೋಶಕ್ಕಿಳಿಯುವ ನುಣ್ಣನೆಯ ಧೂಳಿಗೆ ನಮ್ಮ ನಂಬಿಕೆಯ ಹಂಗಿಲ್ಲ. ಗಾಳಿಯ ಶುದ್ಧಿಯನ್ನು ನಿರ್ಣಯಿಸಬೇಕಾದುದು ಮೂಗಲ್ಲ, ಮಾಪಕ.