ಅರ್ಜಿಗೆ ಮುನ್ನ ನಿಯಮ ಓದಿ

ಪಿಯುಸಿ ಮುಗಿಸಿ ಅಮೆರಿಕದ ಹೆಸರಾಂತ ಕಾಲೇಜು ಸೇರುವ ಆಸೆಯೇ? ಹಾಗಿದ್ದರೆ ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನೇ ನಂಬಿ ಕೂರಬೇಡಿ. ಗಣಿತ, ಭೌತವಿಜ್ಞಾನ, ಇತಿಹಾಸ ಮುಂತಾದವಕ್ಕೆ ಪ್ರತ್ಯೇಕವಾಗಿ ನಡೆಯುತ್ತಿದ್ದ ಸ್ಯಾಟ್ ವಿಷಯವಾರು ಪ್ರವೇಶ ಪರೀಕ್ಷೆಗಳನ್ನು, ಅವುಗಳನ್ನು ನಡೆಸುತ್ತಿದ್ದ ಕಾಲೇಜ್ ಬೋರ್ಡ್ ಸಂಸ್ಥೆ 2021ರಲ್ಲೇ ನಿಲ್ಲಿಸಿದೆ. ಅವುಗಳ ಕೋಚಿಂಗ್‌ಗೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಸಾಮಾನ್ಯ ಸ್ಯಾಟ್ ಪರೀಕ್ಷೆ ಮಾತ್ರ ಈಗಲೂ ಇದೆ. ಅದರ ವಿಷಯದಲ್ಲಿ ಒಂದೊಂದು ಕಾಲೇಜಿನದು ಒಂದೊಂದು ನಿಯಮ. ಸ್ಯಾಟ್ ಅಥವಾ ಅದರಂಥದೇ ಎಸಿಟಿ ಪರೀಕ್ಷೆಯ ಅಂಕ ಕಡ್ಡಾಯವೆಂದು ಎಂಐಟಿ 2022ರಲ್ಲಿ ಮತ್ತೆ ಘೋಷಿಸಿತು; ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರವೇಶ ನಿರ್ಧರಿಸಲು ಆ ಅಂಕಗಳನ್ನು ನೋಡುವುದೇ ಇಲ್ಲ.

ಆದ್ದರಿಂದ ಮೊದಲು ಕಾಲೇಜುಗಳ ಪಟ್ಟಿ ಮಾಡಿಕೊಳ್ಳಿ. ಪ್ರತಿಯೊಂದರ ಈ ವರ್ಷದ ನಿಯಮವನ್ನು ಅದರದೇ ಜಾಲತಾಣದಲ್ಲಿ ಓದಿ. ಸೀನಿಯರ್‌ಗಳ ಸಲಹೆ ಕೇಳಿ, ಆದರೆ ನಿಯಮ ಖಚಿತವಾದ ಮೇಲೆಯೇ ಪರೀಕ್ಷೆಯ ಶುಲ್ಕ ಕಟ್ಟಿ.